ನಿಮ್ಮ ಮೊದಲ ಕೋವಿ ಯಾವುದು?

ಕೋವಿ ಇಟ್ಟುಕೊಂಡವರು ನಾಲ್ಕು ಜನ ಒಂದು ಜಗಲಿಯಲ್ಲಿ ಕೂತರೆ ಮಳೆ, ಕಾಫಿ ರೇಟು, ಕಾಡಾನೆ ಕಾಟ ಎಲ್ಲ ಒಂದು ಸುತ್ತು ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಒಂದೇ ಕಡೆ: 'ನಿಮ್ಮ ಮೊದಲ ಕೋವಿ ಯಾವುದು?' ಯಾವುದು ಚೆನ್ನಾಗಿದೆ, ಯಾವುದಕ್ಕೆ ಬೆಲೆ ಜಾಸ್ತಿ ಅಂತ ಯಾರೂ ಕೇಳುವುದಿಲ್ಲ, ಗಮನಿಸಿದ್ದೀರಾ? ಉತ್ತರವೂ ಒಂದೇ ಮಾತಿನದು. 'ವೆಬ್ಲಿ' ಅಂತ ಒಬ್ಬರು, 'ಗ್ರೀನರ್' ಅಂತ ಇನ್ನೊಬ್ಬರು. ಅಷ್ಟು ಹೇಳಿ ಕಾಫಿ ಲೋಟ ಕೆಳಗಿಟ್ಟರೆಂದರೆ ಮುಂದಿನ ಒಂದು ಗಂಟೆ ನೀವು ಮನೆಗೆ ಹೊರಡುವಂತಿಲ್ಲ.

ಆ ಒಂದು ಗಂಟೆ ನನಗೆ ಬಹಳ ಇಷ್ಟ. ವಿರಾಜಪೇಟೆ, ಗೋಣಿಕೊಪ್ಪದ ಕಡೆ ಹೋದಾಗಲೆಲ್ಲ ಅದಕ್ಕಾಗಿಯೇ ಸಂಜೆಯನ್ನು ಖಾಲಿ ಇಟ್ಟುಕೊಳ್ಳುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರನ್ನು ಕಣ್ಣಿಂದ ನೋಡದವರು ಅಲ್ಲಿಯ ಕೋವಿ ತಯಾರಕರ ಹೆಸರನ್ನು ಪಕ್ಕದ ಮನೆಯವರ ಹೆಸರಿನಷ್ಟು ಸಲೀಸಾಗಿ ಹೇಳುವ ಜಾಗ ಕರ್ನಾಟಕದಲ್ಲಿ ಇನ್ನೆಲ್ಲಿದೆ ಹೇಳಿ? ನಮ್ಮ ಮಲೆನಾಡಿನಲ್ಲೂ ಕೋವಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮದು ಬೆಳೆ ಕಾಯಲೆಂದು ಅರ್ಜಿ ಹಾಕಿ, ಪೊಲೀಸ್ ವರದಿಗೆ ಕಾದು ಪಡೆದ ಲೈಸೆನ್ಸಿನ ಕೋವಿ. ಕೊಡಗಿನ ಕಥೆ ಬೇರೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ನಿರಾಯುಧೀಕರಣದ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಸರ್ಕಾರಗಳು ಬದಲಾದರೂ ಉಳಿದುಕೊಂಡು ಬಂತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. ಕಾನೂನಿನ ಮಾತು ಇಷ್ಟು ಸಾಕು. ಜಗಲಿಯಲ್ಲಿ ಇದನ್ನು ತೆಗೆದರೆ ಗ್ರೀನರ್ ಕಥೆ ನಿಂತುಹೋಗುತ್ತದೆ.

ಎಲ್ಲಿದ್ದೆವು? ಹಾಂ, ಮೊದಲ ಕೋವಿ. ವಿಚಾರ ಮಾಡಿದರೆ ಕೊಡವರ ಮನೆಯಲ್ಲಿ ಹುಟ್ಟಿದವನಿಗೆ ಮೊದಲ ಕೋವಿ ಅವನು ಕೈಯಲ್ಲಿ ಹಿಡಿದದ್ದಲ್ಲ, ಅವನಿಗಾಗಿ ಸದ್ದು ಮಾಡಿದ್ದು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಈಡು. ಮಗುವಿನ ಕೈಗೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣ ಮುಟ್ಟಿಸುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದರ ಬೆನ್ನಿಗೆ ಒಂದು, ಎರಡು ಈಡು. ಗುಡ್ಡದಾಚೆಯ ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ, ಎಣಿಸಿ, ಸುದ್ದಿ ಯಾವುದೆಂದು ತಿಳಿದುಕೊಳ್ಳುತ್ತಿದ್ದರು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಈಡು ಹೊಡೆಯಲೇಬೇಕು. ಇವಕ್ಕೆಲ್ಲ ಹೊರಬರುವುದು ಅದೇ ಕೋವಿ. ಅಜ್ಜನ ಸಾವು, ಮೊಮ್ಮಗನ ಹುಟ್ಟು, ಈ ವರ್ಷದ ಭತ್ತ ಎಲ್ಲವನ್ನೂ ಊರಿಗೆ ಸಾರಿದ ವಸ್ತುವಿನ ಮೇಲೆ ಮನೆಯವರಿಗೆ ಎಷ್ಟು ಮಮತೆ ಇರಬೇಡ?

ಕೈಲ್‌ಪೊಳ್ದ್ ದಿನ ಆ ಮಮತೆಯನ್ನು ಕಣ್ಣಾರೆ ನೋಡಬೇಕು. ನಾಟಿ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬರುವ ಹಬ್ಬ. ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಸಾಲಾಗಿ ಇಟ್ಟು, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ನಮ್ಮ ಕಡೆ ಅದೇ ಹೂವನ್ನು ಗೌರಿ ಹೂ ಎನ್ನುತ್ತೇವೆ. ಬೇಲಿಯ ಮೇಲೆ ಹಬ್ಬಿಕೊಂಡು ಆ ಹೊತ್ತಿಗೇ ಸರಿಯಾಗಿ ಅರಳುತ್ತದೆ. ಕಪ್ಪು ಉಕ್ಕಿನ ಮೇಲೆ ಆ ಕೆಂಪು-ಹಳದಿ ಎಸಳು ಎಷ್ಟು ಒಪ್ಪುತ್ತದೆ ಗೊತ್ತೇ? ಪೂಜೆ ಆದಮೇಲೆ ಕಡಂಬುಟ್ಟು, ಪಂದಿ ಕರಿ. ಊಟವಾದ ಮೇಲೆ ಮಂದ್ ಎಂಬ ಊರ ಬಯಲಿನಲ್ಲಿ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಬಹಳ ಮಂದಿಯ 'ಮೊದಲ ಈಡು' ಇಲ್ಲೇ ಆದದ್ದು. ಹಿರಿಯರೊಬ್ಬರು ಹಿಂದೆ ನಿಂತು, 'ಹೆಗಲಿಗೆ ಒತ್ತಿ ಹಿಡಿ ಮಗ, ಸಡಿಲ ಬಿಟ್ಟರೆ ಒದೆಯುತ್ತದೆ' ಎನ್ನುತ್ತಾರೆ. ಹುಡುಗ ಸಡಿಲವಾಗಿಯೇ ಹಿಡಿಯುತ್ತಾನೆ, ಅದು ಒದೆಯುತ್ತದೆ, ಹೆಗಲು ಒಂದು ವಾರ ನೀಲಿಗಟ್ಟಿರುತ್ತದೆ. ಅರವತ್ತು ವರ್ಷ ಕಳೆದರೂ ಆತ ಕಥೆ ಹೇಳುವಾಗ ಕೈ ತಾನಾಗಿ ಬಲ ಹೆಗಲಿಗೆ ಹೋಗುತ್ತದೆ. ಮುಂದಿನ ಸಲ ಯಾರಾದರೂ ಹೇಳುವಾಗ ನೋಡಿ, ತಪ್ಪಿಲ್ಲದೆ ಹೋಗುತ್ತದೆ.

ಈಗ ಗ್ರೀನರ್‌ಗೆ ಬರೋಣ. ಡಬ್ಲ್ಯು. ಡಬ್ಲ್ಯು. ಗ್ರೀನರ್ ಎಂಬ ಬರ್ಮಿಂಗ್‌ಹ್ಯಾಮಿನ ಕಸುಬುದಾರ 1881ರಲ್ಲಿ ಕೋವಿಯ ಚರಿತ್ರೆಯ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಅಪ್ಪನೂ ಕೋವಿ ಮಾಡುವವನೇ. ಕೈಯಲ್ಲಿ ಅರ ಹಿಡಿದವನೇ ಲೇಖನಿಯನ್ನೂ ಹಿಡಿದನೆಂಬ ಕಾರಣಕ್ಕೆ ನನಗೆ ಆತನ ಮೇಲೆ ವಿಶೇಷ ಗೌರವ. ಆತನ ಜೋಡುನಳಿಗೆಯನ್ನು ಬಿಚ್ಚಿ ನೋಡಿದ್ದೀರಾ? ಮೇಲಿನ ಲಿವರನ್ನು ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿದರೆ ನಳಿಗೆಗಳು ಮುಂದಕ್ಕೆ ಬಾಗುತ್ತವೆ. ಎರಡು ನಳಿಗೆಯ ನಡುವಿನ ಪಟ್ಟಿ ಹಿಂದಕ್ಕೆ ಒಂದು ನಾಲಗೆಯಾಗಿ ಚಾಚಿಕೊಂಡಿರುತ್ತದೆ, ಅದರಲ್ಲಿ ದುಂಡನೆಯ ತೂತು. ಮುಚ್ಚಿದಾಗ ಅಡ್ಡಲಾಗಿ ಬರುವ ಒಂದು ಗುಂಡನೆಯ ಬೋಲ್ಟ್ ಆ ತೂತಿನೊಳಗೆ ಹೋಗಿ ಕೂರುತ್ತದೆ. ಬೇರೆಯವರ ಕೋವಿಗಳಲ್ಲಿ ಸೇಫ್ಟಿ ಹೆಬ್ಬೆರಳಿನ ಕೆಳಗೆ, ಹಿಡಿಯ ಮೇಲೆ ಇದ್ದರೆ ಗ್ರೀನರ್‌ನ ಬಹಳಷ್ಟು ಕೋವಿಗಳಲ್ಲಿ ಅದು ಮರದ ಎಡಪಕ್ಕದಲ್ಲಿರುತ್ತದೆ. ಜೊತೆಗೆ ಒಂದು ಆನೆಯ ಗುರುತು. ಹೌದು, ಆನೆಯೇ ಅವರ ಟ್ರೇಡ್ ಮಾರ್ಕ್! ಕಾಡಾನೆ ನಡುವೆ ಬದುಕುವ ಕೊಡಗಿನ ಮನೆಗೆ ಬರ್ಮಿಂಗ್‌ಹ್ಯಾಮಿನಿಂದ ಆನೆ ಗುರುತಿನ ಕೋವಿ ಬಂದದ್ದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ.

ಹಳೆಯ ಕೋವಿ ಸಿಕ್ಕಿದರೆ ನಳಿಗೆಯನ್ನು ಬೆಳಕಿಗೆ ಓರೆ ಹಿಡಿಯಿರಿ. ಹಾವಿನ ಮೈಯಂತೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಕರಿಮದ್ದಿನ ಕಾಲದ ಮಾಲು. ಇಂದಿನ ತೋಟಾ ಹಾಕುವ ಸಾಹಸ ಮಾತ್ರ ಬೇಡ. ಕೆಳಗೆ, ನಳಿಗೆ ಪರೀಕ್ಷಿಸಲೆಂದು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆ ಇರುತ್ತದೆ. ಇನ್ನೂ ಕೆಲವಕ್ಕೆ 'ನಾಟ್ ಫಾರ್ ಬಾಲ್' ಎಂದು ಕೆತ್ತಿರುತ್ತದೆ. ತುದಿ ಕಿರಿದು ಮಾಡಿದ ನಳಿಗೆಯಲ್ಲಿ ಒಂಟಿ ಗುಂಡು ಹಾಕಬೇಡಿ, ಚರೆ ಮಾತ್ರ ಹಾಕಿ ಎಂಬ ಎಚ್ಚರಿಕೆ. ಅಂದಹಾಗೆ, ಹನ್ನೆರಡು ಬೋರ್ ಅಂದರೆ ಏನು ಅಂತ ಎಷ್ಟು ಜನರಿಗೆ ಗೊತ್ತು? ನಳಿಗೆಯ ಬಾಯಿಗೆ ಸರಿಹೊಂದುವ ಗುಂಡುಗಳು ಒಂದು ಪೌಂಡ್ ಸೀಸದಲ್ಲಿ 12 ಆಗುತ್ತವೆ, ಅಷ್ಟೇ ಲೆಕ್ಕ. 16 ಬೋರ್ ಅಂದರೆ 16 ಗುಂಡು, ಹಾಗಾಗಿ ಬಾಯಿ ಕಿರಿದು.

ಮೊದಲನೆಯದರ ಮೇಲಿನ ಈ ಮೋಹ ಕೊಡಗಿನವರದ್ದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಇದೇ ಪ್ರಶ್ನೆ ಪಿಸ್ತೂಲಿನ ಬಗ್ಗೆ. 'ನಿನ್ನ ಮೊದಲ ರುಗರ್ ಯಾವುದು?' ಅಂತ ಕೇಳಿದರೆ ಸಾಕು, ಅಲ್ಲಿಯ ಹಿರಿಯರ ಮುಖವೂ ಅರಳುತ್ತದೆ. ವಿಲಿಯಂ ರುಗರ್ ಎಂಬಾತ ಎರಡನೇ ಮಹಾಯುದ್ಧದಿಂದ ಮರಳಿದ ಒಬ್ಬ ಮರೀನ್ ಸೈನಿಕನಿಂದ ಜಪಾನಿನ ನಂಬು ಪಿಸ್ತೂಲು ಕೊಂಡು, ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ಅದರ ತಂತ್ರ ಕಲಿತ. ಅಲೆಕ್ಸಾಂಡರ್ ಸ್ಟರ್ಮ್ ಎಂಬ ಗೆಳೆಯ 50,000 ಡಾಲರ್ ಹಾಕಿದ. 1949ರಲ್ಲಿ ಕನೆಕ್ಟಿಕಟ್‌ನ ಸೌತ್‌ಪೋರ್ಟಿನಲ್ಲಿ ಇಬ್ಬರೂ ಸೇರಿ .22 ಕ್ಯಾಲಿಬರಿನ ಪಿಸ್ತೂಲು ತಂದರು. ಹಿಡಿಯ ಚೌಕಟ್ಟನ್ನು ಗಟ್ಟಿ ಉಕ್ಕಿನಿಂದ ಕೊರೆಯದೆ, ತಗಡಿನ ಎರಡು ಅರ್ಧಗಳನ್ನು ಅಚ್ಚೊತ್ತಿ ಬೆಸೆದದ್ದರಿಂದ ಬೆಲೆ ಬರೇ ಮೂವತ್ತೇಳೂವರೆ ಡಾಲರ್. ಸಂಬಳದ ಅಪ್ಪ ಮಗನಿಗೆ ಕೊಡಿಸಬಹುದಾದ ಪಿಸ್ತೂಲು! ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು, ತೋಟಾ ಅಗ್ಗ. ಹಾಗಾಗಿ ಎಷ್ಟೋ ಮಂದಿ ಗುರಿ ಕಲಿತದ್ದು ಅದರಲ್ಲೇ. ಒಂದೇ ಕಷ್ಟ, ತೊಳೆಯಲೆಂದು ಬಿಚ್ಚಿದರೆ ಮತ್ತೆ ಜೋಡಿಸುವುದು ಹರಸಾಹಸ. ಆ ದೂರು ತೀರಿದ್ದು 2016ರಲ್ಲಿ ಅದರ ಹೊಸ ಮಾದರಿ ಮಾರ್ಕ್ ಫೋರ್ ಬಂದ ಮೇಲೆ.

ರುಗರ್‌ನ ಆ ಮೊದಲ ಪಿಸ್ತೂಲಿನ ಹಿಡಿಯ ಮೇಲೆ ಒಂದು ಕೆಂಪು ಹದ್ದು. ವಂಶಲಾಂಛನಗಳ ಹುಚ್ಚಿದ್ದ ಸ್ಟರ್ಮ್ ತಾನೇ ಬಿಡಿಸಿದ್ದು. ಎರಡೇ ವರ್ಷಕ್ಕೆ, 1951ರಲ್ಲಿ, ಮೂವತ್ತು ತುಂಬುವ ಮೊದಲೇ ಸ್ಟರ್ಮ್ ತೀರಿಕೊಂಡ. ರುಗರ್ ಹದ್ದಿನ ಬಣ್ಣವನ್ನು ಕಪ್ಪು ಮಾಡಿದ. ಕಂಪನಿಯ ಹೆಸರಿನಿಂದ ಗೆಳೆಯನನ್ನು ತೆಗೆಯಲಿಲ್ಲ. ಇಂದಿಗೂ ಅದು ಸ್ಟರ್ಮ್, ರುಗರ್ ಅಂಡ್ ಕಂಪನಿಯೇ. ವ್ಯಾಪಾರದ ಲೋಕದಲ್ಲಿ ಇಂಥ ಸ್ನೇಹದ ಕಥೆ ನಾನು ಬೇರೆ ಕೇಳಿಲ್ಲ. ಕೆಂಪು ಹದ್ದಿನ ಹಳೆಯ ಪಿಸ್ತೂಲು ಅಜ್ಜನಿಂದ ಬಂದವರು ಅದನ್ನು ಮಾರುವುದಿಲ್ಲ ಎಂದರೆ ಆಶ್ಚರ್ಯವೇನು?

ನಮ್ಮಲ್ಲಿ ಹಾಗೆ ಅಂಗಡಿಗೆ ಹೋಗಿ ಆರಿಸಿಕೊಂಡು ಬರುವ ಮಾತಿಲ್ಲ. ವಿದೇಶದ ಕೋವಿ ತರಿಸುವ ದಾರಿ 1980ರ ದಶಕದಲ್ಲೇ ಸಾಮಾನ್ಯರಿಗೆ ಮುಚ್ಚಿಹೋಯಿತು. ಅದಕ್ಕೇ ಕೊಡಗಿನ ವೆಬ್ಲಿ, ಗ್ರೀನರ್‌ಗಳೆಲ್ಲ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಇಳಿದು ಬಂದವು. ವೆಬ್ಲಿಯ ವಿಚಾರ ಒಂದು ಸೊಗಸು: 1897ರಲ್ಲಿ ಸ್ಕಾಟ್ ಕಂಪನಿಯ ಜೊತೆ ಸೇರಿ ವೆಬ್ಲಿ ಅಂಡ್ ಸ್ಕಾಟ್ ಆದ ಆ ಹೆಸರಿನ ರಿವಾಲ್ವರ್ ಈಗ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿದೆ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ನಮ್ಮ ಮಲೆನಾಡಿನಲ್ಲಿ ಕೋವಿಗೆ ಉಳಿದ ಕೆಲಸ ಮಂಗ, ಹಂದಿಗಳನ್ನು ಸದ್ದಿನಿಂದ ಓಡಿಸುವುದು. ಚುನಾವಣೆ ಬಂತೆಂದರೆ ಅದೂ ಠಾಣೆ ಸೇರುತ್ತದೆ. ಗೋಡೆಗೆ ಒರಗಿಸಿಟ್ಟ ಕೋವಿಗಳು, ಕುತ್ತಿಗೆಗೆ ದಾರದ ಚೀಟಿ. ಮಳೆಗಾಲ ಹಿಡಿದುಬಿಟ್ಟರೆ ನಳಿಗೆಗೆ ತುಕ್ಕು ಬಂದೀತೆಂದು ಮಾಲೀಕ ಮನೆಯಲ್ಲಿ ಚಡಪಡಿಸುತ್ತಿರುತ್ತಾನೆ. ತುಕ್ಕು ಬಂದದ್ದನ್ನು ನಾನೂ ಮರಳಿ ತಂದು, ಎಣ್ಣೆಬಟ್ಟೆ ಸುತ್ತಿದ ಕೋಲು ತೂರಿಸಿ ದಿನವಿಡೀ ಉಜ್ಜಿದ್ದೇನೆ.

ವೆಬ್ಲಿಯೋ ಗ್ರೀನರ್ರೋ ಎಂಬ ಜಗಳ ಮಾತ್ರ ಯಾವ ಜಗಲಿಯಲ್ಲೂ ತೀರಿಲ್ಲ. ವೆಬ್ಲಿಯವರು ತಮ್ಮದು ಹಗುರ, ಕಣ್ಣು ಹೋದಲ್ಲಿ ನಳಿಗೆ ಹೋಗುತ್ತದೆ ಎನ್ನುತ್ತಾರೆ. ಒಪ್ಪುವ ಮಾತೇ. ಗ್ರೀನರ್‌ನವರು ವಾದಿಸುವುದಿಲ್ಲ, ಎದ್ದು ಒಳಗೆ ಹೋಗಿ ಕೋವಿ ತರುತ್ತಾರೆ. ಒಳಗೆ ತೋಟಾ ಇಲ್ಲವೆಂದು ತೆರೆದು ತೋರಿಸಿ, ಮುಂಗೈ ಕೆಳಗಿನ ಮರವನ್ನು ಕಳಚಿ, ಮುಚ್ಚಿ, ಹಿಡಿಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಸವೆದ ಕೋವಿಯಾದರೆ ಕೀಲಿನಲ್ಲಿ ಲಟಕ್ ಲಟಕ್ ಎನ್ನಬೇಕು. ತೊಂಬತ್ತು ವರ್ಷ ದಾಟಿದ ಗ್ರೀನರ್‌ಗಳನ್ನು ಹೀಗೆ ಅಲ್ಲಾಡಿಸಿ ಕಿವಿಗೊಟ್ಟು ಕೇಳಿದ್ದೇನೆ, ಸದ್ದಿಲ್ಲ. ಆದ್ದರಿಂದ ನನ್ನನ್ನು ಕೇಳಿದರೆ, ವೆಬ್ಲಿಯ ಗೆಳೆಯರೆಲ್ಲ ಕ್ಷಮಿಸಬೇಕು, ನನ್ನ ಮತ ಗ್ರೀನರ್‌ಗೇ.