ಲುಂಬಿನಿಗೆ ಹೊರಟಿರೋರು ಮೊದಲು ಫೋನ್ ನೋಡ್ಕೊಳ್ಳಿ



ಮುಂದಿನ ತಿಂಗಳು ನಮ್ಮ ಇನ್ನೊಂದು ತಂಡ ಯಶವಂತಪುರದಿಂದ ಗೋರಖ್‌ಪುರದ ರೈಲು ಹತ್ತಿ ಕುಶಿನಗರ, ಲುಂಬಿನಿಗೆ ಹೊರಟಿದೆ. ಅದಕ್ಕೆ ಮುಂಚೆ ಹೋದ ಸಲ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಲುಂಬಿನಿ ಇರೋದು ನೇಪಾಳದಲ್ಲಿ. ಬಾಬಾಸಾಹೇಬರು 1956ರ ನವೆಂಬರ್‌ನಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿದ್ದ ದೇಶ. ಸೋನೌಲಿ ಗಡಿ ದಾಟೋಕೆ ನಮಗೆ ಪಾಸ್‌ಪೋರ್ಟ್ ಬೇಡ, ವೋಟರ್ ಐಡಿ ಸಾಕು. ಹಾಗಾಗಿ ಅದು ಫಾರಿನ್ ಅಂತ ಅನ್ನಿಸೋದೇ ಇಲ್ಲ. ಆದರೆ ಫೋನಿನ ಲೆಕ್ಕದಲ್ಲಿ ಅದು ಪಕ್ಕಾ ಫಾರಿನ್.

"ಅರ್ಜೆಂಟಿಗೆ ಇರಲಿ, ಎಲ್ಲರೂ ರೋಮಿಂಗ್ ಆನ್ ಮಾಡಿಸ್ಕೊಳ್ಳಿ" ಅಂತ ಹೇಳಿದವನು ನಾನೇ. ಪ್ಯಾಕ್ ಹಾಕಿಸದಿದ್ದರೆ ಡೇಟಾಗೆ ಎಷ್ಟು ಬೀಳುತ್ತೆ ಅಂತ ವಿಚಾರಿಸಲೇ ಇಲ್ಲ.

ಲುಂಬಿನಿಯಲ್ಲಿ ಅಶೋಕನ ಕಂಬದ ಮುಂದೆ ನಿಂತು ಭಾಷಣ ಬೇರೆ ಮಾಡಿದೆ. ಬುದ್ಧ ಹುಟ್ಟಿದ ಊರು ಅಂತ ಅಶೋಕ ಈ ಹಳ್ಳಿಯ 'ಬಲಿ' ತೆರಿಗೆ ತೆಗೆದು, ಬೆಳೆಯ ಪಾಲನ್ನು ಎಂಟರಲ್ಲೊಂದಕ್ಕೆ ಇಳಿಸಿದ, ಅದನ್ನೇ ಈ ಕಂಬದ ಮೇಲೆ ಕೆತ್ತಿಸಿದ್ದಾನೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ನಮ್ಮ ಹೆಬ್ಬಾಳದ ಪೌರಕಾರ್ಮಿಕ ಅಕ್ಕನ ಬ್ಯಾಗಿನೊಳಗೆ ಮೀಟರ್ ಓಡ್ತಿತ್ತು.

ಅಕ್ಕ ಒಂದು ಕಾಲ್ ಕೂಡ ಮಾಡಿರಲಿಲ್ಲ. ಬಿಲ್ ಬಂದಿದ್ದು 7,860 ರೂಪಾಯಿ. ಆ ಯಾತ್ರೆಗೆ ಅಂತ ಅವರು ಎರಡು ವರ್ಷ ಚೀಟಿ ಕಟ್ಟಿದ್ದರು. ಬಿಲ್ ವಿಷಯ ನನಗೆ ಹೇಳಲೇ ಇಲ್ಲ, ಅವರ ಮಗನಿಂದ ಗೊತ್ತಾಯ್ತು. ಮನೆಗೆ ಹೋಗಿ ಕೇಳಿದರೆ, "ನಾನೇ ಏನೋ ಒತ್ಬಿಟ್ಟಿದ್ದೀನಿ ಅಣ್ಣ, ಬಿಡಿ. ಓದು ಬರದೋರ್ ಕೈಗೆ ಇಂಥ ಫೋನ್ ಕೊಡಬಾರ್ದು" ಅಂದರು.

ಅವರು ಏನೂ ಒತ್ತಿರಲಿಲ್ಲ. ನಮ್ಮದೇ ವಾಟ್ಸಾಪ್ ಗ್ರೂಪಿಗೆ ನಾವು ಹದಿನೆಂಟು ಜನ ಪೈಪೋಟಿ ಮೇಲೆ ಕಳಿಸಿದ ಬುದ್ಧನ ಫೋಟೋ, ವಿಡಿಯೋ ಎಲ್ಲಾ ತಾನಾಗಿ ಡೌನ್‌ಲೋಡ್ ಆಗಿದ್ದವು. ಬಿಎ ಓದಿ ಆಫೀಸಲ್ಲಿ ಗುಮಾಸ್ತನಾಗಿರೋ ನನಗೇ ಇದು ಗೊತ್ತಿರಲಿಲ್ಲ. ಆದರೂ ತಪ್ಪನ್ನು ತಮ್ಮ ತಲೆ ಮೇಲೆ ಹಾಕ್ಕೊಂಡಿದ್ದು ಅಕ್ಕ. ಇದು ನಮ್ಮ ಜನಕ್ಕೆ ಎಷ್ಟು ಅಭ್ಯಾಸ ಆಗಿಹೋಗಿದೆ ನೋಡಿ. ಕೊನೆಗೆ ಬಿಲ್ ಅನ್ನು ಹದಿನೆಂಟು ಜನವೂ ಹಂಚಿಕೊಂಡು ಕಟ್ಟಿದ್ದೀವಿ.

ಈ ಸಲ ಹೀಗೆ ಮಾಡಿ:

1. ಗೋರಖ್‌ಪುರದಲ್ಲೇ ಡೇಟಾ ರೋಮಿಂಗ್ ಆಫ್ ಮಾಡಿ. ಗಡಿ ಹತ್ತಿರ, ಇನ್ನೂ ಈ ಕಡೆ ಇದ್ದಾಗಲೇ ಫೋನ್ ನೇಪಾಳದ ಟವರ್ ಹಿಡಿಯಬಹುದು.
2. ವಾಟ್ಸಾಪ್ ಆಟೋ ಡೌನ್‌ಲೋಡ್, ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ನಿಲ್ಲಿಸಿ.
3. ಪ್ಯಾಕ್ ಹಾಕಿಸೋದಾದರೆ ಪಟ್ಟಿಯಲ್ಲಿ ನೇಪಾಳ ಇದೆಯಾ, ಎಷ್ಟು ದಿನಕ್ಕೆ ಅಂತ ಕೇಳಿ. ಪ್ಯಾಕ್ ಇಲ್ಲದೆ ರೋಮಿಂಗ್ ಆನ್ ಇದ್ದರೆ ಬಂದ ಕಾಲ್ ಎತ್ತಿದರೂ ದುಡ್ಡು.
4. ಗಡಿ ದಾಟಿದ ಮೇಲೆ ಐಡಿ, ಫೋಟೋ ಕೊಟ್ಟರೆ ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ ಸಿಗುತ್ತೆ. ತಂಡಕ್ಕೆ ಎರಡು ಸಿಮ್ ಸಾಕು, ಹಾಟ್‌ಸ್ಪಾಟ್ ಹಂಚ್ಕೊಳ್ಳಿ.
5. ಮ್ಯಾಪ್ ಮೊದಲೇ ಇಳಿಸಿಟ್ಕೊಳ್ಳಿ. ಮನೆಯವರ ಜೊತೆ ವಿಡಿಯೋ ಕಾಲ್ ಲಾಡ್ಜಿನ ವೈಫೈಯಲ್ಲಿ ಮಾತ್ರ.

ಅರ್ಥ ಆಗದವರು ಭಾನುವಾರ ಬೆಳಿಗ್ಗೆ ಫೋನ್ ತಗೊಂಡು ಯಲಹಂಕ ಬಸ್ ನಿಲ್ದಾಣದ ಹತ್ತಿರ ಬನ್ನಿ, ಒಬ್ಬೊಬ್ಬರದೂ ನೋಡಿ ಆಫ್ ಮಾಡಿಕೊಡ್ತೀವಿ. ಅಕ್ಕನೂ ಬರ್ತಾರೆ. ಆಟೋ ಡೌನ್‌ಲೋಡ್ ಎಲ್ಲಿ ಆಫ್ ಮಾಡೋದು ಅಂತ ಈಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಜೈಭೀಮ್. ನಮೋ ಬುದ್ಧಾಯ.