ನೋಡಲು ಹೋಗುವ ಊರಿಗೆ ನಾವೇನು ಕೊಡುತ್ತೇವೆ?

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಊಟಿ, ಮೈಸೂರಿನ ಮಾತು ಶುರುವಾಗುತ್ತದೆ. ಯಾದಗಿರಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. 2009ರ ಡಿಸೆಂಬರ್‌ನಲ್ಲಿ ಅಂದಿನ ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟ ಈ ಪುಟ್ಟ ಜಿಲ್ಲೆಯಲ್ಲಿ ನೋಡಬೇಕಾದುದು ಬೇಕಾದಷ್ಟಿದೆ.

ಯಾದಗಿರಿ ಪಟ್ಟಣದ ಬಂಡೆಗುಡ್ಡದ ಮೇಲೆಯೇ ಕೋಟೆಯಿದೆ. ಅಲ್ಲಿ ಗುಡಿಯಿದೆ, ಮಸೀದಿಯಿದೆ, ಬಂಡೆಯಲ್ಲಿ ಕೆತ್ತಿದ ಜೈನ ತೀರ್ಥಂಕರರಿದ್ದಾರೆ. ಭೀಮಾ ನದಿ ದಾಟಿ ಶಹಾಪುರಕ್ಕೆ ಬಂದರೆ, ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಗಳ ಸಾಲು. ಅದು ಯಾರೂ ಕಡೆದದ್ದಲ್ಲ, ಸೃಷ್ಟಿಕರ್ತನ ಕೈಚಳಕ. ಸುರಪುರದಲ್ಲಿ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನ ನೆನಪುಗಳಿವೆ. ಅವನನ್ನು ಬಾಲ್ಯದಿಂದ ಬಲ್ಲ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ವಾಸಿಸಿದ್ದ ಟೇಲರ್ ಮಂಜಿಲ್ ಗುಡ್ಡದ ಮೇಲೆ ಈಗಲೂ ಇದೆ.

ಶಹಾಪುರ ತಾಲೂಕಿನ ಗೋಗಿಯನ್ನು ಮಾತ್ರ ತಪ್ಪಿಸಬೇಡಿ. ವಿಜಯಪುರದ ಗೋಲಗುಮ್ಮಟ ನೋಡಿದವರಿಗೂ ಆ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿ ಎಲ್ಲಿದೆಯೆಂದು ತಿಳಿದಿರುವುದಿಲ್ಲ. ಅದು ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿಯಿದೆ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹೀಮ್ ಕೂಡ ಅಲ್ಲೇ ಮಲಗಿದ್ದಾರೆ.

ಶಾಲೆಯ ಮಕ್ಕಳನ್ನು ಈ ಭಾಗಕ್ಕೆ ಕರೆದೊಯ್ದಾಗ ಹಳ್ಳಿಯ ಹಿರಿಯರೊಬ್ಬರು ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿತು: “ಬಂದೋರು ನೋಡಿ ಹೋಗ್ತಾರ್ರೀ ಮಾಸ್ತರ, ಅವರ ಕಸ ನಮ್ಮೂರಾಗ ಉಳೀತದ.”

ಎಷ್ಟು ನಿಜ! ನಾವು ಬುತ್ತಿಯನ್ನೂ ನೀರಿನ ಬಾಟಲಿಯನ್ನೂ ಪಟ್ಟಣದಿಂದಲೇ ತರುತ್ತೇವೆ. ಆ ಊರಿನ ಚಹಾದಂಗಡಿಗೆ ನಮ್ಮಿಂದ ಹತ್ತು ರೂಪಾಯಿಯೂ ಸಲ್ಲುವುದಿಲ್ಲ. ಖಾಲಿ ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳು ಮಾತ್ರ ಅಲ್ಲಿಗೇ ಸಲ್ಲುತ್ತವೆ. ಅವು ಗಾಳಿಗೆ ಹಾರಿ ಹೊಲ ಸೇರುತ್ತವೆ, ಮೇಯುವ ದನದ ಹೊಟ್ಟೆ ಸೇರುತ್ತವೆ. ನೂರಾರು ವರ್ಷಗಳ ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೊರೆಯುವವರಿಗಂತೂ ಕೊರತೆಯಿಲ್ಲ. ಸುರಪುರ ತಾಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ದಂಡೆಯಲ್ಲಿ ನಾವು ಹಾಡು ಹಚ್ಚಿ ಕೇಕೆ ಹಾಕಿದರೆ ಅವು ಮೇವು ಬಿಟ್ಟು ಹಾರುತ್ತವೆ.

ಪ್ರವಾಸಿಗರೇ ಬೇಡವೆಂದು ನಾನು ಹೇಳುತ್ತಿಲ್ಲ. ಬಂದರೆ ಊರಿಗೆ ದುಡಿಮೆ ಸಿಗುತ್ತದೆ. ಆದರೆ ದುಡಿಮೆ ಸಿಕ್ಕ ಊರಿನ ಕಥೆಯನ್ನೂ ಕೇಳಿ. ಹಂಪಿಯಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನ ಮಂಟಪಗಳಲ್ಲಿ ಅನೇಕ ಕುಟುಂಬಗಳು ಮನೆ, ಅಂಗಡಿ ಮಾಡಿಕೊಂಡು ಪ್ರವಾಸಿಗರನ್ನು ನಂಬಿ ಬದುಕಿದ್ದವು. ಸ್ಮಾರಕಗಳ ರಕ್ಷಣೆಗಾಗಿ 2011ರ ಜುಲೈನಲ್ಲಿ ಆಡಳಿತ ಅವರನ್ನು ತೆರವುಗೊಳಿಸಿತು. ಸ್ಮಾರಕ ಉಳಿಯಬೇಕು ನಿಜ, ಆದರೆ ಅದರ ನೆರಳಲ್ಲಿ ಬದುಕಿದವರು ಎಲ್ಲಿಗೆ ಹೋಗಬೇಕು? ಜನ ತುಂಬಿದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಬಲು ಕಷ್ಟ. ಊಟಿಯಲ್ಲಿಯೂ 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಆದೇಶದಂತೆ ವಾಹನಗಳಿಗೆ ಇ-ಪಾಸ್ ತರಬೇಕಾಯಿತು.

ಯಾದಗಿರಿಗೆ ಆ ಜನಸಂದಣಿ ಇನ್ನೂ ಬಂದಿಲ್ಲ. ಆದ್ದರಿಂದ ಇಲ್ಲಿ ಎಲ್ಲವನ್ನೂ ಮೊದಲೇ ಸರಿಯಾಗಿ ಮಾಡಲು ಅವಕಾಶವಿದೆ. ಕಸದ ತೊಟ್ಟಿ, ಶೌಚಾಲಯ, ಕುಡಿಯುವ ನೀರು ಮೊದಲು ಬರಲಿ, ಜಾಹೀರಾತಿನ ಫಲಕ ಆಮೇಲೆ ಬರಲಿ. ದಾರಿ ತೋರಿಸುವ, ಕಾವಲು ಕಾಯುವ ಕೆಲಸ ಆಯಾ ಊರಿನ ಯುವಕರಿಗೇ ಸಿಗಲಿ. ತಮಗೆ ಅನ್ನ ಕೊಡುವ ಗೋಡೆಯನ್ನು ಅವರು ಬೇರೆ ಯಾರಿಗಿಂತಲೂ ಚೆನ್ನಾಗಿ ಕಾಯುತ್ತಾರೆ.

ಅದು ಸರಕಾರದ ಕೆಲಸವಾಯಿತು. ನಮ್ಮದು? ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ದಾರಿಗೆ ಕಸ ಎಸೆಯುವ ನಮ್ಮ ಬಗ್ಗೆ ಏನು ಹೇಳೋಣ?

ಮುಂದಿನ ರಜೆಯಲ್ಲಿ ಗೋಗಿಗೆ ಹೋಗಿ, ಸುರಪುರಕ್ಕೆ ಹೋಗಿ. ಊಟ ಅಲ್ಲಿಯ ಖಾನಾವಳಿಯಲ್ಲೇ ಆಗಲಿ, ಜೋಳದ ರೊಟ್ಟಿ ನಿಮ್ಮ ಮಕ್ಕಳಿಗೂ ರುಚಿಸುತ್ತದೆ. ಹೊರಡುವಾಗ ಚೀಲದಲ್ಲಿ ಇನ್ನೊಂದು ಖಾಲಿ ಚೀಲವಿರಲಿ. ನಿಮ್ಮ ಕಸ ಅದರಲ್ಲಿ ನಿಮ್ಮೊಂದಿಗೇ ಮರಳಲಿ.