ಕಂಪ ಮತ್ತು ಕಂಪು

'ಕಂಪ' ಎಂದರೆ ನಡುಕ; 'ಕಂಪು' ಎಂದರೆ ಪರಿಮಳ. ಮೊದಲನೆಯದು ಸಂಸ್ಕೃತದಿಂದ ಬಂದುದು, ಎರಡನೆಯದು ದ್ರಾವಿಡ ಮೂಲದ್ದು, ಒಂದಕ್ಕೊಂದು ನಂಟಿಲ್ಲ. ಆದರೂ ಕಂಪವಾತವೆಂದು ಹೆಸರಾದ ಪಾರ್ಕಿನ್ಸನ್ ಕಾಯಿಲೆಯಲ್ಲಿ ಇವೆರಡೂ ವಿಚಿತ್ರವಾಗಿ ಕೂಡಿಕೊಂಡಿವೆ. ಅನೇಕ ರೋಗಿಗಳಲ್ಲಿ ಕಂಪು ಹೋಗುವುದು ಮೊದಲು, ಕಂಪ ಬರುವುದು ಆಮೇಲೆ. ನಡುವೆ ವರ್ಷಗಳೇ ಕಳೆದಿರಬಹುದು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಕುರಿತು ಪ್ರಬಂಧ ಬರೆದಾಗ, ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಹಾನಿಯಿಲ್ಲವೆಂಬುದನ್ನು ರೋಗಲಕ್ಷಣದಲ್ಲಿಯೇ ಸೇರಿಸಿದ್ದ. ಅವನು ವಿವರಿಸಿದವರು ಆರೇ ಮಂದಿ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಇನ್ನೊಬ್ಬನನ್ನಂತೂ ದೂರದಿಂದ ಕಂಡದ್ದಷ್ಟೆ. ದೂರದಿಂದ ಕಾಣುವುದು ನಡುಗುವ ಕೈ, ಬಾಗಿದ ಬೆನ್ನು, ಮುಗ್ಗರಿಸುವ ನಡಿಗೆ. ಒಳಗಿನ ಉರಿ ಕಾಣುವುದೆಂತು? ಮುಂದೆ ಪ್ಯಾರಿಸ್ಸಿನ ಶಾರ್ಕೋ ಈ ರೋಗಕ್ಕೆ ಪಾರ್ಕಿನ್ಸನ್ನನ ಹೆಸರಿಟ್ಟ. ರೋಗಿಗಳು ಸೆಕೆ ತಾಳಲಾರದೆ ಹೊದಿಕೆ ತಳ್ಳುವುದನ್ನು ಗುರುತಿಸಿದವನೂ ಅವನೇ. ಹಾಸಿಗೆಯ ಬಳಿ ನಿಂತು ಕೇಳಿದವನಿಗಷ್ಟೇ ತಿಳಿಯುವ ಸಂಗತಿಯಿದು.

ಘ್ರಾಣಶಕ್ತಿ ಕುಂದಿದ್ದು ಎಷ್ಟೋ ವೇಳೆ ರೋಗಿಗೇ ಅರಿವಾಗುವುದಿಲ್ಲ. ಒಗ್ಗರಣೆ ಸೀದರೂ ತಿಳಿಯದು; ಗ್ಯಾಸ್ ಸೋರಿದರೂ ತಿಳಿಯದು. ಸಾರು ಸಪ್ಪೆಯೆಂದು ಹಿರಿಯರು ದೂರಿದರೆ ಮನೆಯವರಿಗೆ ಅದು ಬಾಯಿಚಪಲವಾಗಿ ತೋರುತ್ತದೆ. ನೋವಿನ ಪಾಡೂ ಇದಕ್ಕಿಂತ ಬೇರೆಯಲ್ಲ. ಒಂದು ಪಕ್ಕದ ಭುಜ ಹಿಡಿದುಕೊಳ್ಳುತ್ತದೆ. ಎಣ್ಣೆ ತಿಕ್ಕಿ ಶಾಖ ಕೊಡುವುದರಲ್ಲಿ ತಿಂಗಳುಗಳು ಸಲ್ಲುತ್ತವೆ. ಆಮೇಲೊಂದು ದಿನ ಅದೇ ಪಕ್ಕದ ಬೆರಳು ನಡುಗತೊಡಗುತ್ತದೆ. ಕಾಲಿನ ಜೋಮು, ಅಂಗಾಲಿನ ಉರಿ, ಮೀನಖಂಡದ ಸೆಳೆತ ಇವು ಬೇರೆ. ಲೆವೊಡೋಪಾ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ, ವಿಶೇಷವಾಗಿ ಬೆಳಗಿನ ಜಾವ, ಕೆಲವರಿಗೆ ನೋವು ಏರುತ್ತದೆ. ಮಾತ್ರೆ ಮತ್ತೆ ಹಿಡಿದಾಗ ತಗ್ಗುವುದೂ ಉಂಟು. ಹೋದ ವಾಸನೆಯನ್ನು ಮಾತ್ರ ಆ ಮಾತ್ರೆ ಮರಳಿ ತಾರದು.

ನಡುಕಕ್ಕೆ ದುಭಾಷಿ ಬೇಡ. ವೈದ್ಯರು ಯಾವ ಭಾಷೆಯವರಾದರೂ ಅದು ಅವರ ಕಣ್ಣಿಗೆ ಬೀಳುತ್ತದೆ. ವೇದನೆಗಾದರೋ ನುಡಿಯೊಂದೇ ಸಾಕ್ಷಿ. ಮುಂಬಯಿಗೋ ದಿಲ್ಲಿಗೋ ಮಗನ ಮನೆಗೆಂದು ಇಳಿವಯಸ್ಸಿನಲ್ಲಿ ಬಂದು ನೆಲೆಸಿದ ಕನ್ನಡದ ತಾಯಿ ಆ ನುಡಿಯನ್ನು ಯಾರ ಮುಂದೆ ಆಡಬೇಕು? "ಜೋಮು ಹಿಡೀತದೆ, ಇಲ್ಲಿ ಸೆಳೀತದೆ, ರಾತ್ರಿ ಉರೀತದೆ" ಎಂದು ಆಕೆ ಒಂದೊಂದನ್ನೂ ಬೇರೆಬೇರೆಯಾಗಿ ತೋರಿಸಿ ಹೇಳುತ್ತಿರುವಾಗ, ಕಚೇರಿಗೆ ಹೊತ್ತಾದ ಮಗ ಎಲ್ಲವನ್ನೂ ಸೇರಿಸಿ "ದರ್ದ್ ಹೈ" ಎಂದುಬಿಡುತ್ತಾನೆ. ಚೀಟಿಯಲ್ಲಿ ನೋವಿನ ಗುಳಿಗೆಯೊಂದು ಹೆಚ್ಚಾಗುತ್ತದೆ.